ಉಕ್ಕಿನ ಟೋಪಿಯ ಒಳಮೈ

ಯುದ್ಧಕಾಲದ ಹಳೆಯ ಶಿರಸ್ತ್ರಾಣವೊಂದನ್ನು ಯಾರ ಕೈಗಾದರೂ ಕೊಟ್ಟು ನೋಡಿ. ಮೊದಲು ಅದನ್ನು ತಮ್ಮ ತಲೆಗೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಬೆರಳಿನ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳುತ್ತಾರೆ. ಮೂರನೆಯದಾಗಿ, “ಇದು ಗುಂಡು ತಡೆಯುತ್ತಿತ್ತೇ ಸ್ವಾಮಿ?” ಎಂದು ವಿಚಾರಿಸುತ್ತಾರೆ. ಟೋಪಿಯನ್ನು ಅಂಗಾತ ತಿರುಗಿಸಿ ಅದರ ಒಳಗೆ ಕಣ್ಣಾಡಿಸಿದವರನ್ನು ನಾನು ಕಂಡದ್ದು ಕಡಮೆ. ಆದರೆ ಅದರ ಜಾತಕವೆಲ್ಲ ಇರುವುದು ಒಳಗೇ. ಹೊರಮೈಯನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಬಣ್ಣ ಬಳಿದು ಬದಲಾಯಿಸಬಹುದು. ಒಳಗಿನ ಅಚ್ಚು, ರಿವೆಟ್ಟು, ಚರ್ಮ, ದಾರ, ಬೆವರಿನ ಕಲೆ ಇವುಗಳನ್ನು ಒಂದಕ್ಕೊಂದು ಹೊಂದುವಂತೆ ಬದಲಾಯಿಸುವುದು ಸುಲಭವಲ್ಲ.

ಈ ಒಳಗಿನ ಓದಿಗೆ ನಾನು ಬಿದ್ದು ಹಲವು ವರ್ಷಗಳಾದವು. ಮನೆಯ ಕಪಾಟಿನಲ್ಲಿ ಈಗ ಒಂಬತ್ತು ಟೋಪಿಗಳು ಕುಳಿತಿವೆ. ಮನೆಯವರ ಅಭಿಪ್ರಾಯದಲ್ಲಿ ಅವು ಒಂಬತ್ತು ಬಾಣಲೆಗಳು. ಒಂದರಲ್ಲಿಯೂ ಒಗ್ಗರಣೆ ಹಾಕುವಂತಿಲ್ಲ ಎಂಬುದಷ್ಟೇ ಅವರ ದೂರು. ಹಳಗನ್ನಡದಲ್ಲಿ ‘ಸೀಸಕ’ ಎಂಬ ಸೊಗಸಾದ ಮಾತಿದೆ, ‘ಶೀರ್ಷಕ’ದಿಂದ ಬಂದದ್ದು. ಅದನ್ನೇ ಬಳಸೋಣವೆಂದರೆ ಇಂದು ಕೇಳಿದವರು ಸೀಸದ ಗುಂಡನ್ನು ನೆನೆಯುತ್ತಾರೆ. ತಡೆಯುವುದಕ್ಕೂ ತಗಲುವುದಕ್ಕೂ ಒಂದೇ ಹೆಸರಾದೀತು! ಆದ್ದರಿಂದ ‘ಉಕ್ಕಿನ ಟೋಪಿ’ ಎಂದೇ ಕರೆಯುತ್ತೇನೆ.

1914ರ ಆಗಸ್ಟಿನಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಯೂರೋಪಿನ ಕಾಲಾಳುಗಳ ತಲೆಯ ಮೇಲೆ ಉಕ್ಕಿನ ಟೋಪಿ ಇರಲಿಲ್ಲವೆಂದರೆ ಇಂದಿನವರಿಗೆ ಆಶ್ಚರ್ಯವಾಗುತ್ತದೆ. ಫ್ರೆಂಚ್ ಸಿಪಾಯಿ ‘ಕೆಪಿ’ ಎಂಬ ಬಟ್ಟೆಯ ಟೋಪಿ ತೊಟ್ಟು ಕೆಂಪು ಷರಾಯಿಯಲ್ಲಿ ಹೊರಟ. ಇಂಗ್ಲಿಷಿನವನದೂ ಬಟ್ಟೆಯ ಟೋಪಿಯೇ. ಜರ್ಮನನ ನೆತ್ತಿಯ ಮೇಲೆ ಮೊಳೆಯಿದ್ದ ಆ ಪ್ರಸಿದ್ಧ ಟೋಪಿಯೂ ಮೂಲತಃ ಬೇಯಿಸಿ ಗಟ್ಟಿ ಮಾಡಿದ ಚರ್ಮ. ನೋಡಲು ಭಯಂಕರ, ಕಾಪಾಡುವುದರಲ್ಲಿ ಸೊನ್ನೆ. ಬಂದೂಕು ಬಂದಮೇಲೆ ಕವಚದ ಕಾಲ ಮುಗಿಯಿತೆಂದು ಸೇನಾನಿಗಳು ತೀರ್ಮಾನಿಸಿ ಇನ್ನೂರು ವರ್ಷಗಳ ಮೇಲಾಗಿತ್ತು. ಆದರೆ ಆ ವರ್ಷದ ಕೊನೆಯ ಹೊತ್ತಿಗೆ ಸೈನ್ಯಗಳು ನೆಲದೊಳಗೆ ಕಂದಕ ತೋಡಿ ಕುಳಿತವು. ಮೈಯೆಲ್ಲ ಮಣ್ಣಿನ ಮರೆಯಲ್ಲಿ, ತಲೆಯೊಂದು ಮೇಲೆ. ಅದರ ಮೇಲೆ ಆಕಾಶದಲ್ಲಿಯೇ ಒಡೆದು ಸೀಸದ ಗೋಲಿಗಳನ್ನೂ ಉಕ್ಕಿನ ಚೂರುಗಳನ್ನೂ ಸುರಿಯುವ ತೋಪಿನ ಗುಂಡು. “ಗುಂಡು ತಡೆಯುತ್ತಿತ್ತೇ?” ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ನೇರವಾಗಿ ಬರುವ ಬಂದೂಕಿನ ಗುಂಡನ್ನು ತಡೆಯಲು ಈ ಟೋಪಿಗಳು ಹುಟ್ಟಲಿಲ್ಲ. ಮೇಲಿನಿಂದ ಬೀಳುವ ಈ ಮಳೆಗೆ ಅವು ಹಿಡಿದ ಕೊಡೆ.

ಮೊದಲು ಎಚ್ಚೆತ್ತವರು ಫ್ರೆಂಚರು. ಅವರ ಸೈನ್ಯದ ಸರಬರಾಯಿ ಇಲಾಖೆಯ ಅಧಿಕಾರಿ ಆಗಸ್ಟ್ ಲೂಯಿ ಆದ್ರಿಯಾನ್. ಆತ 1915ರ ಆದಿಯಲ್ಲಿ ಕೆಪಿಯ ಒಳಗೆ ಇಟ್ಟುಕೊಳ್ಳುವಂಥ ಉಕ್ಕಿನ ಬಟ್ಟಲೊಂದನ್ನು ಮಾಡಿಸಿದ. ಸಿಪಾಯಿಗಳು ಅದರಲ್ಲಿ ಸೂಪು ಕುಡಿದರಂತೆ, ಕ್ಷೌರದ ನೀರು ಕಾಯಿಸಿದರಂತೆ. ಬಟ್ಟಲು ಸಾಲದೆಂದು ಕಂಡುಬಂದು ಅದೇ ವರ್ಷ ಆದ್ರಿಯಾನನ ಹೆಸರಿನ ಪೂರ್ಣ ಶಿರಸ್ತ್ರಾಣ ಬಂದಿತು. ಡಿಸೆಂಬರಿನ ಹೊತ್ತಿಗೆ 30 ಲಕ್ಷಕ್ಕೂ ಮೇಲ್ಪಟ್ಟು ತಯಾರಾಗಿದ್ದವು. 0.7 ಮಿಲಿಮೀಟರು ದಪ್ಪದ ಸಾಧಾರಣ ಉಕ್ಕು, ತೂಕ ಮುಕ್ಕಾಲು ಕಿಲೋಗ್ರಾಮು; ನೆತ್ತಿಯ ಮೇಲೆ ಕೋಳಿಯ ಜುಟ್ಟಿನಂತೆ ಒಂದು ಏಣು. ಅಲಂಕಾರಕ್ಕೆಂದು ಕಾಣುವ ಆ ಏಣಿನ ಅಡಿಯಲ್ಲಿ ಗಾಳಿಯಾಡಲು ಸೀಳಿದೆ. ಹಲವು ತುಂಡುಗಳನ್ನು ಕೂಡಿಸಿ ಮಾಡಿದ್ದರಿಂದ ಇದು ಮೂರರಲ್ಲಿ ಅತ್ಯಂತ ದುರ್ಬಲ. ಚೆಲುವಿನಲ್ಲಿ ಮಾತ್ರ ಮೊದಲನೆಯದು. ಮಿಕ್ಕವುಗಳನ್ನು ಯಂತ್ರ ಮಾಡಿತು, ಇದನ್ನು ದರ್ಜಿ ಹೊಲಿದ ಎನ್ನುವಂತಿದೆ.

ಇದರ ಹಣೆಯ ಮೇಲಿನ ಲಾಂಛನವೇ ಸಂಗ್ರಾಹಕನ ಮೊದಲ ಪಾಠ, ಮೊದಲ ಬಲೆ ಕೂಡ. ಉರಿಯುವ ಸಿಡಿಗುಂಡಿನ ಚಿತ್ರವಿದ್ದರೆ ಕಾಲಾಳು; ಅಡ್ಡಹಾಯ್ದ ಫಿರಂಗಿಗಳಿದ್ದರೆ ತೋಪುಖಾನೆ; ಬೇಟೆಯ ಕೊಂಬಿದ್ದರೆ ‘ಷಾಸ್ಯೂರ್’ ಪಡೆ; ಲಂಗರಿದ್ದರೆ ವಸಾಹತುಗಳ ಸೈನ್ಯ. ಬೆಲ್ಜಿಯಮ್ಮಿನವರು ಇದೇ ಟೋಪಿಗೆ ಸಿಂಹದ ಮುಖವನ್ನು ಹಾಕಿಕೊಂಡರು, ರಷ್ಯದವರು ಎರಡು ತಲೆಯ ಹದ್ದನ್ನು. ನ್ಯೂಯಾರ್ಕಿನ ಹಾರ್ಲೆಮ್ಮಿನ ನೀಗ್ರೋ ಸಿಪಾಯಿಗಳ 369ನೆಯ ರೆಜಿಮೆಂಟು ತನ್ನ ದೇಶದ ಬಿಳಿಯರ ಜೊತೆ ನಿಲ್ಲಲು ಅವಕಾಶವಿಲ್ಲದೆ ಫ್ರೆಂಚರ ಕೈಕೆಳಗೆ ಕಾದಾಡಿ ಇದನ್ನೇ ತೊಟ್ಟಿತು. ಆದರೆ ಈ ಲಾಂಛನ ನಿಂತಿರುವುದು ತಗಡಿನ ಸೀಳುಗಳಲ್ಲಿ ತೂರಿಸಿ ಒಳಗೆ ಮಡಿಸಿದ ಎರಡು ಕಡ್ಡಿಗಳ ಬಲದಿಂದ. ಅರ್ಧ ನಿಮಿಷದಲ್ಲಿ ಕಾಲಾಳುವನ್ನು ವೈದ್ಯನನ್ನಾಗಿ ಮಾಡಬಹುದು. ಅಪರೂಪದ ಲಾಂಛನ ಕಂಡಾಗ ಒಳಗಿನ ಕಡ್ಡಿಯ ಮಡಿಕೆಯನ್ನು ನೋಡಬೇಕು. ನೂರು ವರ್ಷದಿಂದ ಮಡಿಸಿಕೊಂಡಿದ್ದ ಕಡ್ಡಿಯ ಮೇಲೆ ಅದೇ ವಯಸ್ಸಿನ ತುಕ್ಕು ಇರುತ್ತದೆ. ನಿನ್ನೆ ಮಡಿಸಿದ್ದರೆ ಲೋಹ ಅಲ್ಲಿ ಹೊಳೆಯುತ್ತದೆ.

ಇಂಗ್ಲಿಷರ ಟೋಪಿ 1915ರಲ್ಲಿ ಜಾನ್ ಲಿಯೊಪೋಲ್ಡ್ ಬ್ರೋಡಿ ಎಂಬಾತ ಹಕ್ಕು ಪಡೆದದ್ದು. ಆಳವಿಲ್ಲದ ಬೋಗುಣಿ, ಸುತ್ತ ಅಗಲವಾದ ಅಂಚು. ಒಂದೇ ತಗಡನ್ನು ಅಚ್ಚಿನಲ್ಲಿ ಒತ್ತಿ ತೆಗೆದದ್ದು. ಆ ತಗಡು ಮಾತ್ರ ಅಸಾಮಾನ್ಯ. ಷೆಫೀಲ್ಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ, ನೂರಕ್ಕೆ ಹನ್ನೆರಡು ಪಾಲಿನಷ್ಟು ಮ್ಯಾಂಗನೀಸ್ ಬೆರೆತ ಉಕ್ಕು ಅದು. ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುವ ಜಾತಿ. ರೈಲುಹಳಿಗಳು ಕವಲೊಡೆಯುವಲ್ಲಿ, ಕಲ್ಲು ಒಡೆಯುವ ಯಂತ್ರಗಳಲ್ಲಿ ಅದಕ್ಕೆ ಮೊದಲೇ ಕೆಲಸ ಸಿಕ್ಕಿತ್ತು. 1916ರ ಏಪ್ರಿಲಿನಲ್ಲಿ ಸೇಂಟ್ ಎಲ್ವಾ ಕದನದಲ್ಲಿ ಈ ಟೋಪಿಗಳು ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡವು. ಅದಕ್ಕೆ ಮುಂಚೆ ಅವು ಸಿಪಾಯಿಯ ಸೊತ್ತಾಗಿರಲಿಲ್ಲ, ಕಂದಕದ ಸೊತ್ತು. ಸರದಿ ಮುಗಿಸಿ ಹಿಂದಕ್ಕೆ ಹೋಗುವವನು ಟೋಪಿಯನ್ನು ಬರುವವನಿಗೆ ಬಿಟ್ಟು ಹೋಗಬೇಕಾಗಿತ್ತು. ಒಬ್ಬನ ಬೆವರಿನ ಮೇಲೆ ಇನ್ನೊಬ್ಬನ ಬೆವರು.

ಹ್ಯಾಡ್‌ಫೀಲ್ಡನ ಉಕ್ಕಿಗೆ ಇನ್ನೊಂದು ವಿಚಿತ್ರ ಗುಣವಿದೆ: ಅದಕ್ಕೆ ಸೂಜಿಗಲ್ಲು ಅಂಟುವುದಿಲ್ಲ. ಇದು ತಿಳಿದಿದ್ದರೆ ಎರಡು ರೂಪಾಯಿಯ ಅಯಸ್ಕಾಂತದ ತುಂಡು ಜೇಬಿನಲ್ಲಿರುವ ಪರೀಕ್ಷಕನಾಗುತ್ತದೆ. 1916ರ ಕೊನೆಯ ಭಾಗದಿಂದ ಬಂದ ‘ಮಾರ್ಕ್ ಒಂದು’ ಟೋಪಿಯ ಬೋಗುಣಿಗೆ ಸೂಜಿಗಲ್ಲು ಹಿಡಿದರೆ ಅದು ಜಾರಿ ಬೀಳುತ್ತದೆ; ಅಂಚಿಗೆ ಸುತ್ತಿದ ಪಟ್ಟಿಗೆ ಹಿಡಿದರೆ ಕಚ್ಚಿಕೊಳ್ಳುತ್ತದೆ, ಏಕೆಂದರೆ ಪಟ್ಟಿ ಮಾತ್ರ ಮೆದು ಉಕ್ಕು. ಅದಕ್ಕೂ ಹಿಂದಿನ ಟೋಪಿಗಳಿಗೆ ಪಟ್ಟಿಯೇ ಇರಲಿಲ್ಲ. ಕತ್ತರಿಸಿದ ಅಂಚು ಹಾಗೆಯೇ ಹರಿತವಾಗಿ ಉಳಿದಿತ್ತು. ನಾಟಕ ಸಿನಿಮಾಗಳಿಗಾಗಿ ಈಚೆಗೆ ಮಾಡಿದ ನಕಲುಗಳು ಸಾಮಾನ್ಯವಾಗಿ ಮೈಯೆಲ್ಲ ಮೆದು ಉಕ್ಕಿನವು. ಮಾರುವವನು ಟೋಪಿಯ ಚರಿತ್ರೆಯನ್ನು ಸಾಮ್ ನದಿಯ ದಡದಿಂದ ಹಿಡಿದು ಹೇಳುತ್ತಿರುವಾಗ ಮೆಲ್ಲಗೆ ಈ ಕಲ್ಲನ್ನು ಬೋಗುಣಿಗೆ ಮುಟ್ಟಿಸಬೇಕು. ಅದು ಟಕ್ಕೆಂದು ಅಂಟಿದರೆ ಕಥೆಯನ್ನು ಪೂರ್ತಿ ಕೇಳಿ, ನಮಸ್ಕಾರ ಹೇಳಿ ಬರಬಹುದು.

ಒಳಗೆ ಅಂಚಿನ ಬಳಿ ಪುಟ್ಟ ಅಕ್ಷರಗಳಿರುತ್ತವೆ. ‘ಎಚ್.ಎಸ್.’ ಎಂದಿದ್ದರೆ ಷೆಫೀಲ್ಡಿನ ಹ್ಯಾಡ್‌ಫೀಲ್ಡ್. ಪಕ್ಕದ ಅಂಕೆ ಉಕ್ಕಿನ ಯಾವ ಪಾಕದಿಂದ ತಗಡು ಬಂದಿತೆಂಬುದಕ್ಕೆ. ನನ್ನ ಬಳಿ ಇಂಥದೊಂದಿದೆ. ಬೋಗುಣಿ ಮೊದಲನೆಯ ಯುದ್ಧದ್ದು, ಆದರೆ ಒಳಗಿನ ಹಾಸು ಮತ್ತು ಗದ್ದಪಟ್ಟಿ 1930ರ ದಶಕದ ಕೊನೆಯವು. ಅದನ್ನು ನೋಡಿದ ಹೊಸ ಸಂಗ್ರಾಹಕರು ಕೂಡಲೆ “ಜೋಡಣೆ!” ಎಂದು ಮೂಗು ಮುರಿಯುತ್ತಾರೆ. ನಿಜವಾಗಿ ನಡೆದದ್ದೇನೆಂದರೆ ಎರಡನೆಯ ಯುದ್ಧದ ಮೋಡ ಕವಿದಾಗ ಬ್ರಿಟಿಷ್ ಸರಕಾರವೇ ಉಗ್ರಾಣದಲ್ಲಿದ್ದ ಹಳೆಯ ಬೋಗುಣಿಗಳನ್ನು ತೆಗೆದು, ಹೊಸ ಹಾಸು ಕೂಡಿಸಿ, ‘ಮಾರ್ಕ್ ಒಂದು ನಕ್ಷತ್ರ’ ಎಂದು ಹೆಸರಿಟ್ಟು ಮತ್ತೆ ಹಂಚಿತು. ಎರಡು ಕಾಲಗಳು ಒಂದೇ ಟೋಪಿಯಲ್ಲಿ ಇರುವುದು ಅಲ್ಲಿ ಮೋಸವಲ್ಲ, ಇತಿಹಾಸ. ಎಲ್ಲವೂ ಒಂದೇ ವರ್ಷದ್ದಾಗಿ ಹೊಳೆಹೊಳೆಯುವ ಟೋಪಿಯನ್ನು ಕಂಡರೇ ನನಗೆ ಹೆಚ್ಚು ಅನುಮಾನ.

ಇನ್ನು ಜರ್ಮನರು. ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯ 1915ರಲ್ಲಿ ಗಾಯಾಳುಗಳ ತಲೆಬುರುಡೆಗಳನ್ನು ಕಂಡು ಕಳವಳಗೊಂಡ. ಹುರುಳಿಕಾಳಿನಷ್ಟು ಚಿಕ್ಕ ಉಕ್ಕಿನ ಚೂರು ಮಿದುಳನ್ನು ಹಾಳುಮಾಡಿ ಜೀವ ತೆಗೆಯುತ್ತಿತ್ತು. ತೆಳ್ಳನೆಯ ತಗಡಿದ್ದರೂ ಅದು ನಿಲ್ಲುತ್ತಿತ್ತು. ಹ್ಯಾನೋವರಿನ ತಾಂತ್ರಿಕ ವಿದ್ಯಾಲಯದ ಫ್ರೀಡ್ರಿಷ್ ಷ್ವೇರ್ಡ್ ಎಂಬ ಅಧ್ಯಾಪಕನೊಡನೆ ಅವನು ಆಡಿದ ಮಾತೇ ಆ ಪ್ರಸಿದ್ಧ ‘ಷ್ಟಾಲ್‌ಹೆಲ್ಮ್’ನ ಬೀಜ. ಹಣೆ, ಕಿವಿ, ಹೆಡತಲೆಗಳನ್ನೆಲ್ಲ ಮುಚ್ಚುವ ಆ ಆಕಾರ 1916ರ ಆದಿಯಲ್ಲಿ ವೆರ್ದೂನ್ ಕದನದಲ್ಲಿ ಕಾಣಿಸಿಕೊಂಡಿತು. ಎರಡು ಪಕ್ಕಗಳಲ್ಲಿ ಕೊಂಬಿನಂತೆ ಎದ್ದ ಗುಬುಟುಗಳನ್ನು ಕಂಡು ಮಕ್ಕಳು ರಾಕ್ಷಸನ ಕೊಂಬೆನ್ನುತ್ತಾರೆ. ಅವು ಟೊಳ್ಳಾದ ಗಾಳಿಗಂಡಿಗಳು; ಪಹರೆಯವನು ಹಣೆಗೆ ಹೆಚ್ಚಿನ ದಪ್ಪ ಫಲಕವನ್ನು ತಗುಲಿಸಿಕೊಳ್ಳಲು ಗೂಟಗಳೂ ಹೌದು. ಫಲಕದ ಅಳತೆ ಒಂದೇ, ಟೋಪಿಯ ಅಳತೆಗಳು ಹಲವು. ಆದ್ದರಿಂದ ಟೋಪಿ ಚಿಕ್ಕದಾದಷ್ಟೂ ಗುಬುಟು ಉದ್ದವಾಗುತ್ತದೆ. ಇದು ತಿಳಿಯದ ನಕಲುಗಾರ ಎಲ್ಲಕ್ಕೂ ಒಂದೇ ಉದ್ದ ಕೊಟ್ಟು ಸಿಕ್ಕಿಬೀಳುತ್ತಾನೆ.

ಇಲ್ಲಿ ಒಬ್ಬ ಪುಣ್ಯಾತ್ಮನನ್ನು ನೆನೆಯದೆ ಮುಂದೆ ಹೋಗಲಾರೆ. ನ್ಯೂಯಾರ್ಕಿನ ಬ್ಯಾಷ್‌ಫರ್ಡ್ ಡೀನ್ ವೃತ್ತಿಯಿಂದ ಮೀನುಗಳ ಪಂಡಿತ. ಶಿಲೆಗಳಲ್ಲಿ ಸಿಕ್ಕುವ ಪುರಾತನ ಮೀನುಗಳ ಮೇಲೆ ಅಧಿಕಾರವಾಣಿಯಿಂದ ಬರೆದವನು. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಮೀನು ಮತ್ತು ಸರೀಸೃಪಗಳ ಪಾಲಕ, ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಆಯುಧ ಮತ್ತು ಕವಚಗಳ ಪಾಲಕ — ಎರಡೂ ಅವನೇ. ಚಿಪ್ಪಿನ ಮೀನನ್ನು ನೋಡಿ ನೋಡಿ ಚಿಪ್ಪಿನ ಮನುಷ್ಯನ ಮೇಲೆ ಮೋಹ ಬಂದಿರಬೇಕು! ಅಮೆರಿಕ 1917ರಲ್ಲಿ ಯುದ್ಧಕ್ಕಿಳಿದಾಗ ಸೈನ್ಯ ಈ ಪಾಲಕನನ್ನು ಕರೆದು ಮೇಜರನನ್ನಾಗಿ ಮಾಡಿತು. ಮ್ಯೂಸಿಯಮ್ಮಿನ ಕವಚಗಳನ್ನು ದುರಸ್ತಿ ಮಾಡುವ ಕಾರ್ಖಾನೆಯಲ್ಲಿಯೇ, ಡೇನಿಯಲ್ ತಾಷೋ ಎಂಬ ಫ್ರೆಂಚ್ ಕವಚಗಾರನ ಸುತ್ತಿಗೆಯ ಕೆಳಗೆ, ಹೊಸ ಯುದ್ಧದ ಟೋಪಿಗಳ ಮಾದರಿಗಳು ತಯಾರಾದವು. ಅವನು ಮಾಡಿದ ಮಾದರಿಗಳಲ್ಲಿ ಒಂದಕ್ಕೆ, ಜರ್ಮನರದನ್ನು ಹೋಲುತ್ತದೆಂಬ ಆಕ್ಷೇಪ ಬಂತು. ಕೊನೆಗೆ ಅಮೆರಿಕ ಒಪ್ಪಿದ್ದು ಬ್ರೋಡಿಯ ಬೋಗುಣಿಯನ್ನೇ. ಮೊದಲ ನಾಲ್ಕು ಲಕ್ಷವನ್ನು ಬ್ರಿಟಿಷರಿಂದ ಕೊಂಡು ಆಮೇಲೆ ತಾನೇ ತಯಾರಿಸಿತು.

ಡೀನ್ 1920ರಲ್ಲಿ ಪ್ರಕಟಿಸಿದ ಆಧುನಿಕ ಯುದ್ಧದ ಶಿರಸ್ತ್ರಾಣ ಮತ್ತು ಮೈಗವಚಗಳ ಗ್ರಂಥವೇ ನಮ್ಮ ಹವ್ಯಾಸದ ಮೂಲಗ್ರಂಥ. ಬ್ರೋಡಿಯ ಟೋಪಿಯಲ್ಲಿ ಯೂರೋಪಿನ ಮಧ್ಯಯುಗದ ಬಿಲ್ಲಾಳುಗಳು ತೊಡುತ್ತಿದ್ದ ಅಗಲ ಅಂಚಿನ ಕಬ್ಬಿಣದ ಹ್ಯಾಟನ್ನು ಕಾಣಬಹುದು. ಷ್ವೇರ್ಡನದರಲ್ಲಿ ಹದಿನೈದನೆಯ ಶತಮಾನದ, ಹೆಡತಲೆಗೆ ಬಾಲವಿದ್ದ ಜರ್ಮನ್ ಶಿರಸ್ತ್ರಾಣವನ್ನು. ಮೀನಿನ ಈಜುರೆಕ್ಕೆ, ಹಲ್ಲು, ಪೊರೆಗಳನ್ನು ನೋಡಿ ಕುಲ ಹೇಳುವ ಕಣ್ಣೇ ಬೇಕು ಈ ಕೆಲಸಕ್ಕೂ. ಒಂದೇ ಲಕ್ಷಣದಿಂದ ನಿರ್ಣಯಿಸಬಾರದು. ಹಲವು ಲಕ್ಷಣಗಳು ಒಂದೇ ಮಾತು ಹೇಳಬೇಕು.

ಎರಡನೆಯ ಯುದ್ಧದ ಜರ್ಮನ್ ಟೋಪಿಗಳಿಗೆ ಬಂದರೆ ಈ ವಿವೇಕ ಹತ್ತುಪಾಲು ಬೇಕಾಗುತ್ತದೆ, ಏಕೆಂದರೆ ಹಣವಿರುವುದೂ ಮೋಸವಿರುವುದೂ ಅಲ್ಲಿಯೇ. 1935ರ ಮಾದರಿಯಲ್ಲಿ ಗಾಳಿಗಂಡಿಗೆ ಬೇರೆಯಾಗಿ ಮಾಡಿದ ಪುಟ್ಟ ಬಳೆಯನ್ನು ಕೂಡಿಸಿದ್ದಾರೆ. 1940ರ ಮಾದರಿಯಲ್ಲಿ ಆ ಬಳೆ ಹೋಗಿ ಗಂಡಿಯ ಉಬ್ಬನ್ನು ತಗಡಿನಲ್ಲೇ ಒತ್ತಿದ್ದಾರೆ. 1942ರಲ್ಲಿ ಅಂಚನ್ನು ಒಳಕ್ಕೆ ಮಡಿಸುವುದನ್ನೂ ಬಿಟ್ಟು ಕತ್ತರಿಸಿದಂತೆಯೇ ಹೊರಚಾಚಲು ಬಿಟ್ಟರು. ಯುದ್ಧ ಸಾಗಿದಂತೆ ಒಂದು ದೇಶದ ಉಸಿರು ಹೇಗೆ ಕಟ್ಟುತ್ತ ಬಂದಿತೆಂಬುದನ್ನು ಈ ಮೂರು ಅಂಚುಗಳ ಮೇಲೆ ಬೆರಳಾಡಿಸಿ ತಿಳಿಯಬಹುದು. ಒಳಗೆ ಎಡಪಕ್ಕದಲ್ಲಿ ‘ಇ.ಟಿ. 64’ ಎಂಬಂಥ ಅಚ್ಚಿರುತ್ತದೆ. ಇ.ಟಿ. ಎಂದರೆ ಹಾರ್ಟ್ಸ್ ಬೆಟ್ಟಗಳ ತಪ್ಪಲಿನ ಥಾಲೆ ಊರಿನ ಕಾರ್ಖಾನೆ. ಮುಂದೆ ಗುಟ್ಟಿಗಾಗಿ ಅದೇ ‘ಸಿ.ಕೆ.ಎಲ್.’ ಆಯಿತು. 64 ಎಂಬುದು ಬೋಗುಣಿಯ ಅಳತೆ. ಅದಕ್ಕೆ ಕೂಡುವ ಒಳಹಾಸು 56 ಅಥವಾ 57 ಸೆಂಟಿಮೀಟರು ತಲೆಯದು. 64ರ ಬೋಗುಣಿಯಲ್ಲಿ 60ರ ತಲೆಯ ಹಾಸನ್ನು ಕಂಡರೆ ಎರಡು ಟೋಪಿಗಳ ಮೂಳೆ ಕೂಡಿಸಿ ಒಂದು ಮಾಡಿದ್ದಾರೆಂದೇ ಅರ್ಥ.

ಹೊರಮೈಯ ಲಾಂಛನದ ಅಂಟುಚಿತ್ರಕ್ಕೂ ಪಂಚಾಂಗವಿದೆ. 1935ರ ಮಾದರಿಗೆ ಎರಡು ಪಕ್ಕಗಳಲ್ಲಿಯೂ ಲಾಂಛನ. 1940ರ ಮಾರ್ಚಿಯಲ್ಲಿ ಬಲಪಕ್ಕದ ಮೂರು ಬಣ್ಣದ ಗುರಾಣಿಯನ್ನು ತೆಗೆಯಲು ಆಜ್ಞೆಯಾಯಿತು. 1943ರ ಆಗಸ್ಟಿನಲ್ಲಿ ಉಳಿದ ಹದ್ದೂ ಹೋಯಿತು. ಹೀಗಿರುವಾಗ 1942ರ ಕತ್ತರಿಸಿದ ಅಂಚಿನ ಟೋಪಿಯೊಂದು ಎರಡೂ ಪಕ್ಕ ಲಾಂಛನ ಹೊತ್ತು ಬಂದರೆ ಅದು ಮದುವೆಗೆ ಮುಂಚೆ ನಾಮಕರಣವಾದ ಹಾಗೆ. ಎಲ್ಲಕ್ಕಿಂತ ಹೆಚ್ಚು ಬೆಲೆ ಎಸ್.ಎಸ್. ದಳದ ಜೋಡಿ ಗೀರಿಗೆ. ಹಿಟ್ಲರನ ಕೊಲೆಗಡುಕ ಪಡೆಯ ಗುರುತಿಗೆ ಯಾಕೆ ಇಷ್ಟು ಬೆಲೆ ಬರಬೇಕೋ! ಅಪರೂಪವೆಂದು ವ್ಯಾಪಾರಿಗಳು ಹೇಳುತ್ತಾರೆ. ಬರಿಯ ಅಪರೂಪದ ಮಾತಾಗಿದ್ದರೆ ಆದ್ರಿಯಾನನ ಅಪರೂಪದ ಲಾಂಛನಗಳಿಗೂ ಅದೇ ಬೆಲೆ ಬರಬೇಕಾಗಿತ್ತು. ಪರಿಣಾಮವೇನೆಂದರೆ ಯಾವುದೋ ರೈತನ ಮಗ ತೊಟ್ಟ ಸಾಧಾರಣ ಟೋಪಿಯ ಮೇಲೆ ಈ ಗೀರುಗಳನ್ನು ಅಂಟಿಸಿ, ಚಹದ ನೀರಿನಲ್ಲಿ ಹಾಸನ್ನು ನೆನೆಸಿ, ಮಣ್ಣಿನಲ್ಲಿ ಹೂತು ಮಾರುತ್ತಾರೆ. ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣದ ಗೀಚು ಅಂಟುಚಿತ್ರದ ಅಡಿಯಲ್ಲಿ ಸಾಗಿಹೋಗಿರುತ್ತದೆ. ಗೀಚು ಮೊದಲು, ಲಾಂಛನ ಆಮೇಲೆ — ಯುದ್ಧ ಮುಗಿದಮೇಲೆ ಸೈನ್ಯಕ್ಕೆ ಸೇರಿದ ಹಾಗೆ! ಕೊಂಡವನು ಹಣ ಕಳೆದುಕೊಂಡದ್ದು ಅವನ ಪಾಡು. ತೊಟ್ಟಿದ್ದವನ ಮೇಲೆ ಅವನು ಸೇರದ ಪಡೆಯ ಕಳಂಕ ಬಿದ್ದದ್ದನ್ನು ಅಳಿಸುವವರು ಯಾರು?

ಆಕಾರವನ್ನೊಂದೇ ನಂಬಿದರೂ ಕಷ್ಟವೇ. ಹಂಗೆರಿಯ 1938ರ ಮಾದರಿ ಜರ್ಮನರದರ ಅವಳಿಯಂತಿದೆ. ಹಿಂಬದಿಯಲ್ಲಿ ರಿವೆಟ್ಟು ಹೊಡೆದ ಪುಟ್ಟ ಆಯದ ಕುಣಿಕೆಯೇ ಎದ್ದು ಕಾಣುವ ಭೇದ. ಅದನ್ನು ಕಿತ್ತು ತೂತು ಮುಚ್ಚಿದರೆ ಹಂಗೆರಿಯವನು ಜರ್ಮನನಾಗುತ್ತಾನೆ. ಐರ್ಲೆಂಡಿನ ಕಥೆ ಇನ್ನೂ ಚಮತ್ಕಾರ. ಬ್ರಿಟಿಷರಿಂದ ಆಗತಾನೆ ಬಿಡುಗಡೆ ಪಡೆದ ಆ ದೇಶಕ್ಕೆ ಬ್ರಿಟಿಷರ ಬೋಗುಣಿ ಬೇಡವಾಗಿತ್ತು. ಜರ್ಮನ್ ಮಾದರಿ ಬೇಕಾಯಿತು. ಜರ್ಮನಿಯಿಂದ ತರಿಸಲು ಸಂಧಿಯ ನಿರ್ಬಂಧ ಅಡ್ಡ. ಕೊನೆಗೆ 1927ರಲ್ಲಿ ಆ ಜರ್ಮನ್ ಆಕಾರವನ್ನು ಒತ್ತಿಕೊಟ್ಟದ್ದು ಲಂಡನ್ನಿನ ವಿಕರ್ಸ್ ಕಂಪೆನಿ! 1940ರಲ್ಲಿ ಐರಿಷ್ ಸೈನ್ಯ ಬ್ರಿಟಿಷ್ ಮಾದರಿಗೇ ಮರಳಿತು.

ದಕ್ಷಿಣ ಆಫ್ರಿಕದ ಬೋಗುಣಿಯ ಅಂಚಿನ ಹಿಂಬದಿಯಲ್ಲಿ ಮೂರು ಸಣ್ಣ ತೂತುಗಳಿರುತ್ತವೆ. ಇಂಗ್ಲೆಂಡಿನಲ್ಲಿ ಗುಂಡಿನ ಪರೀಕ್ಷೆಯಲ್ಲಿ ಪೂರ್ತಿ ತೇರ್ಗಡೆಯಾಗದೆ ಊರುಕಾವಲಿಗೆ ಹೋದ ಟೋಪಿಗಳ ಅಂಚಿಗೂ ತೂತು ಕೊರೆದರು. ಮೊದಲನೆಯದು ದೇಶದ ಗುರುತು, ಎರಡನೆಯದು ನಪಾಸಿನ ಗುರುತು. ತೂತಿದೆಯೇ ಎನ್ನುವುದಲ್ಲ, ತೂತು ಎಲ್ಲಿದೆ ಎನ್ನುವುದು ಮುಖ್ಯ.

ನಮ್ಮ ಬೆಂಗಳೂರಿನ ಗುಜರಿಯಲ್ಲಿ ನನಗೆ ಸಿಕ್ಕಿದ್ದು ಅಮೆರಿಕದ ‘ಎಂ ಒಂದು’. ಸುಣ್ಣ ಕಲಸಲು ಬಳಸಿ ಬೆಳ್ಳಗಾಗಿದ್ದ ಅದನ್ನು ಸೂಜಿಗಲ್ಲು ಮುಟ್ಟಿಸಿ ನೋಡಿದೆ; ಅಂಟಲಿಲ್ಲ. ಅಂದರೆ ಹ್ಯಾಡ್‌ಫೀಲ್ಡನ ಉಕ್ಕು. ಇದೇ ಆಕಾರದಲ್ಲಿ ಯೂರೋಪಿನ ಹಲವು ದೇಶಗಳು ಯುದ್ಧಾನಂತರ ಸಾಧಾರಣ ಉಕ್ಕಿನಿಂದ ಮಾಡಿದವಕ್ಕೆ ಅಂಟುತ್ತದೆ. 1941ರಲ್ಲಿ ಸ್ವೀಕಾರವಾದ ಈ ಮಾದರಿಯನ್ನು ಯುದ್ಧ ಮುಗಿಯುವುದರೊಳಗೆ ಸುಮಾರು 2 ಕೋಟಿ 20 ಲಕ್ಷ ಮಾಡಿದರು. ಅಂಚಿನ ಪಟ್ಟಿಯ ಎರಡು ತುದಿಗಳು ಕೂಡುವ ಬೆಸುಗೆ 1944ರ ಕೊನೆಯವರೆಗೆ ಹಣೆಯ ಕಡೆ, ಆಮೇಲೆ ಹಿಂದುಗಡೆ. ಗದ್ದಪಟ್ಟಿಯ ಬಳೆಗಳು ಮೊದಲು ಅಲುಗದಂತೆ ಬೆಸೆದವು. ಬಿದ್ದರೆ ಮುರಿಯುತ್ತಿದ್ದುದರಿಂದ 1943ರಲ್ಲಿ ತಿರುಗುವ ಬಳೆ ಬಂತು. ನನ್ನದರ ಬೆಸುಗೆ ಮುಂದುಗಡೆ, ಬಳೆ ಅಲುಗದ್ದು. ಒಂದು ಬಳೆ ಮುರಿದಿದೆ ಕೂಡ. ಆದ್ದರಿಂದ ಯುದ್ಧದ ಮೊದಲ ವರ್ಷಗಳದು. 1940ರಲ್ಲಿ ಹುಟ್ಟಿದ ನಮ್ಮ ಹಿಂದುಸ್ತಾನ್ ವಿಮಾನ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ವಿಮಾನಗಳನ್ನು ದುರಸ್ತಿ ಮಾಡುತ್ತಿತ್ತೆಂಬುದನ್ನು ನೆನೆದರೆ ಅಮೆರಿಕದ ಟೋಪಿ ಇಲ್ಲಿ ಸಿಕ್ಕಿದ್ದು ಸೋಜಿಗವಲ್ಲ. ಆದರೆ ಈ ಟೋಪಿ ಅಲ್ಲಿಂದಲೇ ಬಂತೆಂದು ನಾನು ಚೀಟಿ ಬರೆದು ಅಂಟಿಸಿಲ್ಲ. ಉಕ್ಕು ಹೇಳಿದ್ದಷ್ಟನ್ನು ಬರೆದಿದ್ದೇನೆ.

ಕಪಾಟಿನ ಮುಂದೆ ನಿಂತಾಗ ಇಲ್ಲಿ ಇಲ್ಲದ ತಲೆಗಳೂ ನೆನಪಾಗುತ್ತವೆ. 1914ರ ಸೆಪ್ಟೆಂಬರಿನಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಭಾರತೀಯ ಸಿಪಾಯಿಗಳು ರುಮಾಲು ಸುತ್ತಿಕೊಂಡೇ ಫ್ಲಾಂಡರ್ಸಿನ ಕೆಸರಿಗೆ ನಡೆದರು. 1915ರ ಮಾರ್ಚಿಯಲ್ಲಿ ನವ್ ಷಾಪೆಲ್ ಕದನದಲ್ಲಿ ದಾಳಿ ಮಾಡಿದ ಪಡೆಯಲ್ಲಿ ಅರ್ಧದಷ್ಟು ನಮ್ಮವರು. ನಾಲ್ಕು ಸಾವಿರದಷ್ಟು ಮಂದಿ ಸತ್ತರು ಇಲ್ಲವೆ ಗಾಯಗೊಂಡರು. ಆ ವರ್ಷದ ಕೊನೆಗೆ ಭಾರತೀಯ ಕಾಲಾಳುಗಳನ್ನು ಫ್ರಾನ್ಸಿನಿಂದ ಮೆಸೊಪೊಟೇಮಿಯಕ್ಕೆ ಸಾಗಿಸಿದರು. ಬ್ರೋಡಿಯ ಟೋಪಿ ಎಲ್ಲರ ಕೈಗೆ ಬಂದದ್ದು ಅದರ ಮರುವರ್ಷ. ಅಲ್ಲಿ 1927ರಲ್ಲಿ ಎದ್ದ ಸ್ಮಾರಕ ಹರ್ಬರ್ಟ್ ಬೇಕರನದು, ನಮ್ಮ ಹೊಸದಿಲ್ಲಿಯ ಸೆಕ್ರೆಟೇರಿಯೆಟ್ಟನ್ನು ಕಟ್ಟಿದವನೇ. ಅದರ ಗೋಡೆಯ ಮೇಲೆ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಸಿಖ್ಖರಂತೂ ಧರ್ಮಕ್ಕೆ ಕಟ್ಟುಬಿದ್ದು ಎರಡನೆಯ ಯುದ್ಧದಲ್ಲಿಯೂ ಪೇಟದಲ್ಲಿಯೇ ಕಾದಿದರು. 1918ರ ಸೆಪ್ಟೆಂಬರು 23ರಂದು ಹೈಫಾ ಪಟ್ಟಣವನ್ನು ಭರ್ಜಿ ಹಿಡಿದು ಕುದುರೆಯ ಮೇಲೆ ನುಗ್ಗಿ ಗೆದ್ದ ಜೋಧಪುರ ಮತ್ತು ನಮ್ಮ ಮೈಸೂರು ಲ್ಯಾನ್ಸರುಗಳ ನೆನಪಿಗೆ ದಿಲ್ಲಿಯ ತೀನ್‌ಮೂರ್ತಿಯಲ್ಲಿ ನಿಂತಿರುವ ಕಂಚಿನ ವಿಗ್ರಹಗಳ ತಲೆಯ ಮೇಲೂ ಇರುವುದು ಪೇಟವೇ. ಬಟ್ಟೆಗೆ ಅಚ್ಚುಗುರುತಿಲ್ಲ, ಅದು ನೂರು ವರ್ಷ ಮಣ್ಣಿನಲ್ಲಿ ಉಳಿಯುವುದೂ ಇಲ್ಲ. ಸಂಗ್ರಾಹಕರ ಪಟ್ಟಿಗಳಲ್ಲಿ ಈ ತಲೆಗಳಿಗೆ ಸ್ಥಾನವಿಲ್ಲದಿರುವುದಕ್ಕೆ ಇದೇ ಕಾರಣ.

ಮಣ್ಣಿನ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಪರದೇಶದ ವ್ಯಾಪಾರಿಯೊಬ್ಬ ಭಾವಚಿತ್ರವೊಂದನ್ನು ಕಳುಹಿಸಿದ. ತುಕ್ಕು ತಿಂದ ಬ್ರೋಡಿ ಟೋಪಿ. ಪಕ್ಕದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. “ಸಾಮ್ ಹೊಲದಿಂದ ನೇರವಾಗಿ ಅಗೆದು ತೆಗೆದದ್ದು, ಅಗ್ಗವಾಗಿ ಕೊಡುತ್ತೇನೆ” ಎಂದು ಬರೆದಿದ್ದ. ತೂತಿಗೇ ಬೆಲೆ ಹೆಚ್ಚೆಂಬುದು ಈ ಪೇಟೆಯ ಒಂದು ವಿಕಾರ. ನಾನು ಒಲ್ಲೆನೆಂದೆ. ಕಾರಣ ಜುಗುಪ್ಸೆಯೊಂದೇ ಅಲ್ಲ. ಬ್ರಿಟಿಷ್ ಸಿಪಾಯಿಗಳ ಕೊರಳಿನ ಗುರುತಿನ ಬಿಲ್ಲೆಗಳು 1916ರಿಂದ ಲೋಹದವಾಗಿರಲಿಲ್ಲ. ಒತ್ತಿ ಗಟ್ಟಿ ಮಾಡಿದ ನಾರಿನ ಕೆಂಪು ಹಸಿರು ಬಿಲ್ಲೆಗಳು. ಅವು ಮಣ್ಣಿನಲ್ಲಿ ಕರಗಿಹೋಗುತ್ತವೆ. ಇಂದಿಗೂ ಅಲ್ಲಿ ರಸ್ತೆ ಅಗೆಯುವಾಗ, ಮನೆಗೆ ತಳಪಾಯ ತೋಡುವಾಗ ಎಲುಬುಗಳು ಸಿಕ್ಕುತ್ತಲೇ ಇವೆ. ಯುದ್ಧಸಮಾಧಿಗಳ ಆಯೋಗದವರು ಬಂದು ಗುಂಡಿ, ಬೂಟು, ಭುಜದ ಬಿಲ್ಲೆ, ನಂಬರು ಗೀರಿದ ಚಮಚ ಇಂಥವುಗಳಿಂದ ಅವನಾರೆಂದು ಹುಡುಕುತ್ತಾರೆ. ಟೋಪಿಯ ಒಳಗೆ ಸಿಪಾಯಿ ಬರೆದುಕೊಂಡ ಹೆಸರೋ ನಂಬರೋ ಅಲ್ಲಿ ಸಾಕ್ಷಿ. ರಾತ್ರಿ ಲೋಹಶೋಧಕ ಹಿಡಿದು ಬಂದವನು ಟೋಪಿಯನ್ನು ಮಾತ್ರ ಎತ್ತಿಕೊಂಡು ಹೋದರೆ ಆ ಎಲುಬುಗಳಿಗೆ ಹೆಸರು ಸಿಗುವ ದಾರಿ ಮುಚ್ಚಿಹೋಗುತ್ತದೆ. ಫ್ರಾನ್ಸಿನಲ್ಲಿ 1989ರ ಕಾನೂನು ಅಪ್ಪಣೆಯಿಲ್ಲದ ಇಂಥ ಶೋಧವನ್ನು ನಿಷೇಧಿಸಿದೆ. ಆದರೂ ಮಾಲು ಬರುತ್ತಲೇ ಇದೆ, ಏಕೆಂದರೆ ಕೊಳ್ಳುವವರಿದ್ದಾರೆ. ವೆರ್ದೂನಿನ ಬಳಿ ದುವೋಮೋನ್ ಅಸ್ಥಿಮಂದಿರದಲ್ಲಿ ಹೆಸರಿಲ್ಲದ ಸುಮಾರು 1,30,000 ಫ್ರೆಂಚ್ ಮತ್ತು ಜರ್ಮನ್ ಸಿಪಾಯಿಗಳ ಎಲುಬುಗಳು ಒಟ್ಟಿಗೆ ಬಿದ್ದಿವೆ. ಆದ್ದರಿಂದ ಉಗ್ರಾಣದಿಂದ, ಮನೆಯಿಂದ, ಗುಜರಿಯಿಂದ ಬಂದದ್ದಾದರೆ ಸರಿ. ನೆಲದಿಂದ ಬಂದದ್ದು ನನ್ನ ಕಪಾಟಿಗೆ ಬೇಡ.

ಒಂಬತ್ತರಲ್ಲಿ ಕೊನೆಯದನ್ನು ಸಂಗ್ರಾಹಕರಾರೂ ಟೋಪಿಯೆಂದು ಒಪ್ಪುವುದಿಲ್ಲ. ಜರ್ಮನಿಯಲ್ಲಿ ಕೆಲಸದಲ್ಲಿದ್ದ ಗೆಳೆಯರೊಬ್ಬರು ಅಲ್ಲಿಯ ಹಳೆಯ ಸಾಮಾನಿನ ಸಂತೆಯಿಂದ ತಂದುಕೊಟ್ಟದ್ದು. 1945ರಲ್ಲಿ ಸೋತ ಆ ದೇಶದಲ್ಲಿ ಅಡುಗೆಗೆ ಪಾತ್ರೆಗಳಿರಲಿಲ್ಲ, ಟೋಪಿಗಳು ರಾಶಿ ರಾಶಿ ಇದ್ದವು. ಕಾರ್ಖಾನೆಗಳು ಅವನ್ನೇ ತಪ್ಪಲೆ, ಬೋಗುಣಿ, ಜರಡಿಗಳಾಗಿ ಮಾಡಿ ಮಾರಿದವು. ನನ್ನದು ಜರಡಿ. ತಳದ ತುಂಬ ಸಾಲಾಗಿ ತೂತು ಕೊರೆದು ಎರಡು ಕಡೆ ಹಿಡಿ ಹಚ್ಚಿದ್ದಾರೆ. ಒಳಹಾಸಿನ ಮೂರು ರಿವೆಟ್ಟಿನ ತೂತುಗಳು ಹಾಗೆಯೇ ಉಳಿದಿವೆ. ಅಂಚು ಒಳಕ್ಕೆ ಮಡಿಸಿದ್ದು, ಗಾಳಿಗಂಡಿ ತಗಡಿನಲ್ಲೇ ಒತ್ತಿದ್ದು. ಆದ್ದರಿಂದ 1940ರ ಮಾದರಿ. ಒಳಗೆ ಎಡಪಕ್ಕದಲ್ಲಿ, ಯಾವುದೋ ಗೃಹಿಣಿ ಎಷ್ಟೋ ವರ್ಷ ಆಲೂಗೆಡ್ಡೆ ಬಸಿದು ತಿಕ್ಕಿ ತೊಳೆದರೂ ಅಳಿಸದೆ, ‘ಇ.ಟಿ. 64’ ಎಂದು ಈಗಲೂ ಓದಬಹುದು.